ಫ್ರಾನ್ಸಿನಲ್ಲಿ ಬೇಸಿಗೆ ರಜೆಯ ಕಾರು ಪ್ರವಾಸ: ಶನಿವಾರಗಳನ್ನು ನೋಡಿಕೊಂಡು ದಾರಿ ಹಾಕುವ ಬಗೆ

ಉತ್ತರದ ಕ್ಯಾಲೆ ಬಂದರಿನಿಂದ ದಕ್ಷಿಣದ ಆವಿನ್ಯಾನ್ ನಗರಕ್ಕೆ ಸುಮಾರು ಸಾವಿರ ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ಇರುವಷ್ಟೇ ದೂರ. ಹೆದ್ದಾರಿಯಲ್ಲಿ ಗಂಟೆಗೆ 130 ಕಿಲೋಮೀಟರ್ ಓಡಿಸಬಹುದು ಎಂದು ತಿಳಿದ ಕೂಡಲೇ ನಮ್ಮವರು ಲೆಕ್ಕ ಹಾಕಿಬಿಡುತ್ತಾರೆ: ಬೆಳಿಗ್ಗೆ ತಿಂಡಿ ತಿಂದು ಹೊರಟರೆ ರಾತ್ರಿಯ ಊಟ ಆವಿನ್ಯಾನ್‌ನಲ್ಲಿ. ಫೆಬ್ರವರಿಯ ಯಾವುದೋ ಮಂಗಳವಾರ ಈ ಲೆಕ್ಕ ಸರಿಹೋಗಲೂಬಹುದು. ಆಗಸ್ಟ್ ತಿಂಗಳ ಮೊದಲ ಶನಿವಾರ ಹೊರಟವರು ರಾತ್ರಿಯ ಊಟವನ್ನು ಲಿಯೋನ್ ಆಚೆಯ ಯಾವುದೋ ಪೆಟ್ರೋಲ್ ಬಂಕಿನಲ್ಲಿ, ಪೊಟ್ಟಣದ ಸ್ಯಾಂಡ್‌ವಿಚ್ ಬಿಚ್ಚಿ ಮುಗಿಸಬೇಕಾಗುತ್ತದೆ.

ಫ್ರಾನ್ಸಿನ ರಸ್ತೆಗಳು ಚೆನ್ನಾಗಿವೆ, ಫಲಕಗಳು ಸ್ಪಷ್ಟವಾಗಿವೆ, ನೋಡುವ ಜಾಗಗಳಿಗೆ ಕೊನೆಯಿಲ್ಲ. ಅಲ್ಲಿ ಕುಟುಂಬದ ಪ್ರವಾಸ ಹಾಳಾಗುವುದು ದೂರದಿಂದಲ್ಲ, ಆ ದೇಶದ ವಾರದ ಲಯವನ್ನು ಗಮನಿಸದೆ ಹೊರಡುವುದರಿಂದ. ಆದ್ದರಿಂದ ಈ ಮಾರ್ಗದರ್ಶಿ ನಕ್ಷೆಗಿಂತ ಮೊದಲು ಕ್ಯಾಲೆಂಡರನ್ನು ತೆರೆಯುತ್ತದೆ. ಬ್ರಿಟನ್, ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳಲ್ಲಿ ನೆಲೆಸಿ ಸ್ವಂತ ಕಾರಿನಲ್ಲಿ ಹೊರಡುವ ಕನ್ನಡಿಗ ಕುಟುಂಬಗಳಿಗೂ ಬೆಂಗಳೂರಿನಿಂದ ವಿಮಾನದಲ್ಲಿ ಬಂದು ಬಾಡಿಗೆ ಕಾರು ಹಿಡಿಯುವವರಿಗೂ ಇದು ಒದಗುತ್ತದೆ; ಇಬ್ಬರ ದಾರಿ ಬೇರೆಯಾಗುವ ಕಡೆ ಅದನ್ನು ಹೇಳಿದ್ದೇನೆ.

ಒಂದನೇ ಹೆಜ್ಜೆ: ತಾರೀಖು

ಫ್ರಾನ್ಸಿನ ಶಾಲೆಗಳು ಜುಲೈ ಆರಂಭದಲ್ಲಿ ಮುಚ್ಚಿ ಸೆಪ್ಟೆಂಬರ್ ಹೊತ್ತಿಗೆ ತೆರೆಯುತ್ತವೆ. ಈ ಎರಡು ತಿಂಗಳಲ್ಲಿ ದೇಶದ ದೊಡ್ಡ ಭಾಗ ದಕ್ಷಿಣದ ಕಡಲಿಗೋ ಅಟ್ಲಾಂಟಿಕ್ ತೀರಕ್ಕೋ ಹೊರಡುತ್ತದೆ. ರಜೆಯ ಮನೆಗಳು ಅಲ್ಲಿ ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಸಿಗುವುದು ರೂಢಿ. ಹೀಗಾಗಿ ಹೋಗುವವರೂ ಬರುವವರೂ ಒಂದೇ ದಿನ ರಸ್ತೆಗೆ ಇಳಿಯುತ್ತಾರೆ. ಜುಲೈ ಕೊನೆ ಮತ್ತು ಆಗಸ್ಟ್ ಮೊದಲ ವಾರಾಂತ್ಯವಂತೂ ಜುಲೈ ರಜೆ ಮುಗಿಸಿದವರು ಮತ್ತು ಆಗಸ್ಟ್ ರಜೆ ಶುರುಮಾಡುವವರು ಎದುರುಬದುರಾಗುವ ಹೊತ್ತು. 1975ರ ಆಗಸ್ಟ್ 2ರ ಶನಿವಾರ ದೇಶದ ರಸ್ತೆಗಳಲ್ಲಿ ಒಟ್ಟು 600 ಕಿಲೋಮೀಟರಿನಷ್ಟು ವಾಹನಗಳ ಸಾಲು ನಿಂತಿತ್ತು. ಅದರ ಬಿಸಿ ತಟ್ಟಿದ ಸರ್ಕಾರ ಮರುವರ್ಷವೇ ‘ಬಿಸೋನ್ ಫ್ಯೂತೆ’ ಎಂಬ ಸಂಚಾರ ಮುನ್ಸೂಚನೆ ಸೇವೆಯನ್ನು ಆರಂಭಿಸಿತು.

ನಿಮ್ಮ ಯೋಜನೆಯ ಮೊದಲ ಕೆಲಸ ಆ ಸೇವೆಯ ಜಾಲತಾಣ ತೆರೆಯುವುದು. ವರ್ಷದ ಪ್ರತಿ ದಿನಕ್ಕೂ ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂಬ ನಾಲ್ಕು ಬಣ್ಣಗಳಲ್ಲಿ ಒಂದನ್ನು ಅಲ್ಲಿ ಕೊಟ್ಟಿರುತ್ತಾರೆ. ಹೊರಡುವ ದಿಕ್ಕಿಗೂ ಹಿಂದಿರುಗುವ ದಿಕ್ಕಿಗೂ ಬಣ್ಣ ಬೇರೆ ಬೇರೆ. ಕಪ್ಪು ದಿನ ಎಂದರೆ ಮನೆಯಿಂದ ಕದಲಬೇಡಿ ಎಂದೇ ಅರ್ಥ. ಕೆಂಪು ದಿನ ಓಡಿಸಲೇಬೇಕಾದರೆ ನೂರು ಕಿಲೋಮೀಟರಿನೊಳಗೆ, ಹೆದ್ದಾರಿ ಬಿಟ್ಟು ಒಳರಸ್ತೆಯಲ್ಲಿ. ಉದ್ದದ ಓಟಗಳನ್ನೆಲ್ಲ ಮಂಗಳವಾರ, ಬುಧವಾರ, ಗುರುವಾರಗಳಿಗೆ ಇಟ್ಟುಕೊಳ್ಳಿ. ಭಾನುವಾರವೂ ಕೆಟ್ಟದ್ದಲ್ಲ: ಶನಿವಾರ ರಾತ್ರಿ ಹತ್ತರಿಂದ ಭಾನುವಾರ ರಾತ್ರಿ ಹತ್ತರವರೆಗೆ ಭಾರಿ ಲಾರಿಗಳಿಗೆ ನಿಷೇಧವಿರುವುದರಿಂದ ಬೆಳಗಿನ ಹೊತ್ತು ಹೆದ್ದಾರಿ ಹಗುರವಾಗಿರುತ್ತದೆ. ಜುಲೈ 14 ಮತ್ತು ಆಗಸ್ಟ್ 15 ಅಲ್ಲಿ ಸಾರ್ವಜನಿಕ ರಜೆಗಳು. ಜುಲೈ ತಿಂಗಳಲ್ಲಿ ತೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಯಾವ ಊರುಗಳನ್ನು ಯಾವ ದಿನ ಹಾಯುತ್ತದೆ ಎಂದೂ ನೋಡಿಕೊಳ್ಳಿ. ಆ ದಿನ ಅಲ್ಲಿನ ರಸ್ತೆಗಳು ಗಂಟೆಗಟ್ಟಲೆ ಮುಚ್ಚಿರುತ್ತವೆ.

ಕರ್ನಾಟಕದಿಂದ ಬರುವವರಿಗೆ ಒಂದು ಅದೃಷ್ಟವಿದೆ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಫ್ರಾನ್ಸಿನಲ್ಲಿ ವಸಂತ. ಹಗಲು ಉದ್ದ, ಬಿಸಿಲು ಹಿತ, ಜನ ಕಡಿಮೆ, ಬಾಡಿಗೆ ಅಗ್ಗ. ಮೇ 1, ಮೇ 8, ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ, ಪೆಂಟೆಕೋಸ್ಟ್ ಸೋಮವಾರ ಇವೆಲ್ಲ ರಜೆಗಳು, ಮತ್ತು ಗುರುವಾರ ರಜೆ ಬಂದರೆ ಶುಕ್ರವಾರವನ್ನೂ ಸೇರಿಸಿಕೊಂಡು ಊರಿಗೆ ಹೊರಡುವ ಅಭ್ಯಾಸ ಅಲ್ಲಿನವರಿಗೂ ಇದೆ. ಇವನ್ನು ತಪ್ಪಿಸಿದರೆ ಮೇ ತಿಂಗಳು ಆಗಸ್ಟಿಗಿಂತ ಎಲ್ಲ ರೀತಿಯಲ್ಲೂ ಮೇಲು. ಕಳೆದುಕೊಳ್ಳುವುದು ಒಂದನ್ನೇ: ಪ್ರೊವಾನ್ಸ್ ಪ್ರಾಂತದ ಲ್ಯಾವೆಂಡರ್ ಹೊಲಗಳು ನೇರಳೆಯಾಗುವುದು ಜೂನ್ ನಡುವಿನಿಂದ ಜುಲೈ ನಡುವಿನವರೆಗೆ. ಆ ಒಂದು ಫೋಟೋಗಾಗಿ ಇಡೀ ಪ್ರವಾಸವನ್ನು ಜುಲೈಗೆ ತಳ್ಳಬೇಕೇ ಎಂಬುದನ್ನು ಮನೆಯವರೇ ತೀರ್ಮಾನಿಸಲಿ.

ಎರಡನೇ ಹೆಜ್ಜೆ: ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಬ್ರಿಟನ್ನಿನಲ್ಲಿ ಎಷ್ಟು ವರ್ಷದಿಂದ ವಾಸವಿದ್ದರೂ ಪಾಸ್‌ಪೋರ್ಟ್ ಭಾರತದ್ದಾದರೆ ಇದರಿಂದ ವಿನಾಯಿತಿ ಇಲ್ಲ; ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ನಿವಾಸ ಪರವಾನಗಿ ಇರುವವರಿಗೆ ಬೇಕಿಲ್ಲ. 2024ರ ಜೂನ್‌ನಿಂದ ಶುಲ್ಕ ವಯಸ್ಕರಿಗೆ 90 ಯೂರೋ, ಆರರಿಂದ ಹನ್ನೆರಡರೊಳಗಿನ ಮಕ್ಕಳಿಗೆ 45. ಆರು ತುಂಬದವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ರಜೆಯ ಕಾಲದಲ್ಲಿ ಭೇಟಿಯ ಸಮಯ ಸಿಗುವುದೇ ಕಷ್ಟ, ಆದ್ದರಿಂದ ಮೇ ಪ್ರವಾಸಕ್ಕೆ ಜನವರಿಯಲ್ಲೇ ಕೂತು ಕೆಲಸ ಮುಗಿಸಿ. ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರುವ ಪ್ರಯಾಣ ವಿಮೆ ಮತ್ತು ಉಳಿಯುವ ಜಾಗಗಳ ಬುಕಿಂಗ್ ತೋರಿಸಬೇಕಾಗುತ್ತದೆ. ಹಾಗಾಗಿ ಈ ಹಂತದಲ್ಲಿ ಉಚಿತವಾಗಿ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯಿರಿ. ದಾರಿ ಮುಂದೆ ಬದಲಾಗದೆ ಇರುವುದಿಲ್ಲ.

ಚಾಲನಾ ಪರವಾನಗಿಯ ವಿಷಯ ಸರಳ. ಭಾರತದ ಮೂಲ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಕೈಯಲ್ಲಿರಬೇಕು. ಅದನ್ನು ನಿಮ್ಮ ಆರ್‌ಟಿಒ ಕಚೇರಿ ಕೊಡುತ್ತದೆ. ಅರ್ಜಿಯನ್ನು ಸಾರಥಿ ಪೋರ್ಟಲ್‌ನಲ್ಲಿ ಹಾಕಬಹುದು, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಇಬ್ಬರು ಓಡಿಸುವವರಿದ್ದರೆ ಇಬ್ಬರೂ ಮಾಡಿಸಿಕೊಳ್ಳಿ. ಬ್ರಿಟನ್ ಅಥವಾ ಯೂರೋಪಿನ ಪರವಾನಗಿ ಇರುವವರಿಗೆ ಅದೊಂದೇ ಸಾಕು.

ಸ್ವಂತ ಕಾರಿನವರು ನೋಂದಣಿ ಪತ್ರ ಮತ್ತು ವಿಮೆಯ ಮೂಲ ಪ್ರತಿ ಇಟ್ಟುಕೊಳ್ಳಿ. ಎಚ್ಚರಿಕೆಯ ತ್ರಿಕೋನ ಮತ್ತು ಹೊಳೆಯುವ ಜಾಕೆಟ್ ಕಡ್ಡಾಯ. ಜಾಕೆಟ್ ಡಿಕ್ಕಿಯಲ್ಲಿ ಪೆಟ್ಟಿಗೆಗಳ ಅಡಿಯಲ್ಲಿದ್ದರೆ ಪ್ರಯೋಜನವಿಲ್ಲ, ಸೀಟಿನ ಬಳಿಯೇ ಕೈಗೆ ಸಿಗಬೇಕು. ಕಾನೂನು ಒಂದನ್ನು ಕೇಳುತ್ತದೆ. ನೀವು ತಲೆಗೊಂದು ಇಟ್ಟುಕೊಳ್ಳಿ. ಬ್ರಿಟನ್ನಿನ ಕಾರಿಗೆ ‘ಯುಕೆ’ ಗುರುತು ಬೇಕು, ಹಳೆಯ ‘ಜಿಬಿ’ ನಡೆಯದು. ಹೆಡ್‌ಲೈಟ್‌ನ ದಿಕ್ಕನ್ನೂ ಬಲಬದಿಯ ಸಂಚಾರಕ್ಕೆ ಹೊಂದಿಸಬೇಕು. ಉಸಿರಾಟದ ಮದ್ಯ ತಪಾಸಣಾ ಕಿಟ್ ಒಯ್ಯಬೇಕೆಂದು ಹಳೆಯ ಬರಹಗಳು ಇನ್ನೂ ಹೇಳುತ್ತಿರುತ್ತವೆ. ಆ ನಿಯಮ 2020ರಲ್ಲೇ ಹೋಯಿತು, ಹಣ ಉಳಿಸಿ.

ಮೂರನೇ ಹೆಜ್ಜೆ: ಕಾರು

ಬೆಂಗಳೂರಿನಿಂದ ಬರುವವರಿಗೆ ನನ್ನ ಮೊದಲ ಸಲಹೆ: ಪ್ಯಾರಿಸ್‌ನಲ್ಲಿ ಕಾರು ಹಿಡಿಯಬೇಡಿ. ರಾತ್ರಿಯಿಡೀ ವಿಮಾನದಲ್ಲಿ ಕುಳಿತು ಬಂದ ಮೇಲೆ, ಜೀವನವಿಡೀ ರಸ್ತೆಯ ಎಡಬದಿಯಲ್ಲಿ ಓಡಿಸಿದ ಮನುಷ್ಯ ಪ್ಯಾರಿಸ್‌ನ ವರ್ತುಲ ರಸ್ತೆಗೆ ಬಲಬದಿಯಲ್ಲಿ ಇಳಿಯುವುದು ಧೈರ್ಯವಲ್ಲ. ಚಾರ್ಲ್ಸ್ ದ ಗಾಲ್ ವಿಮಾನ ನಿಲ್ದಾಣದ ಒಳಗೇ ಟಿಜಿವಿ ಎಂಬ ಅತಿವೇಗದ ರೈಲುಗಳ ನಿಲ್ದಾಣವಿದೆ; ಅಲ್ಲಿಂದ ಲಿಯೋನ್, ಆವಿನ್ಯಾನ್‌ಗಳಿಗೆ ನೇರ ರೈಲುಗಳಿವೆ. ಪ್ಯಾರಿಸ್ ನಗರದಿಂದ ಹೊರಟರೆ ಲಿಯೋನ್ ಎರಡು ಗಂಟೆ, ಆವಿನ್ಯಾನ್ ಎರಡೂ ಮುಕ್ಕಾಲು ಗಂಟೆಯೊಳಗೆ. ಪ್ಯಾರಿಸ್ ನೋಡುವುದನ್ನು ಮೆಟ್ರೋದಲ್ಲೇ ಮುಗಿಸಿ, ರೈಲಿನಲ್ಲಿ ದಕ್ಷಿಣಕ್ಕೆ ಇಳಿದು, ಆವಿನ್ಯಾನ್‌ನ ಟಿಜಿವಿ ನಿಲ್ದಾಣದ ಪಕ್ಕದಲ್ಲೇ ಕಾರು ತೆಗೆದುಕೊಳ್ಳಿ. ನಿಲ್ದಾಣ ಊರ ಹೊರಗಿದೆ. ಬಲಬದಿಯ ಮೊದಲ ಪಾಠಕ್ಕೆ ಅಲ್ಲಿಯ ರಸ್ತೆಗಳು ಎಷ್ಟೋ ವಾಸಿ.

ಗೇರ್ ಕಾರನ್ನು ಎಡಗೈಯಲ್ಲಿ ಬದಲಿಸಿ ರೂಢಿಯಿದ್ದವರಿಗೆ ಅಲ್ಲಿ ಅದು ಬಲಗೈಗೆ ಬರುತ್ತದೆ. ಆಟೊಮ್ಯಾಟಿಕ್ ಕಾರಿಗೆ ಬಾಡಿಗೆ ಹೆಚ್ಚು, ಸಂಖ್ಯೆಯೂ ಕಡಿಮೆ. ಆದರೂ ಅದನ್ನೇ ಮುಂಚಿತವಾಗಿ ಕಾಯ್ದಿರಿಸಿ. ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಠೇವಣಿಯ ಮೊತ್ತ ಅದರ ಮೇಲೆ ತಡೆಹಿಡಿಯಲ್ಪಡುತ್ತದೆ. ಡೆಬಿಟ್ ಕಾರ್ಡ್ ನಂಬಿಕೊಂಡು ಕೌಂಟರಿನ ಎದುರು ನಿಲ್ಲಬೇಡಿ.

ಅಜ್ಜಿ, ತಾತ, ಇಬ್ಬರು ಮಕ್ಕಳು ಎಂದು ಆರು ಜನರಾದರೆ ಎಲ್ಲರೂ ಏಳು ಸೀಟಿನ ಕಾರನ್ನು ಆರಿಸುತ್ತಾರೆ. ಮೂರನೇ ಸಾಲಿನ ಸೀಟು ಎತ್ತಿದ ಮೇಲೆ ಡಿಕ್ಕಿಯಲ್ಲಿ ಎರಡು ಕೈಚೀಲಗಳಿಗೆ ಮಾತ್ರ ಜಾಗ ಉಳಿಯುತ್ತದೆ ಎಂಬುದು ತಿಳಿಯುವುದು ಪಾರ್ಕಿಂಗ್ ಜಾಗದಲ್ಲಿ, ಆರು ಸೂಟ್‌ಕೇಸ್‌ಗಳ ನಡುವೆ. ಆರು ಜನಕ್ಕೆ ಒಂಬತ್ತು ಸೀಟಿನ ವ್ಯಾನ್ ನೋಡಿ, ಇಲ್ಲವೇ ಗಟ್ಟಿ ಸೂಟ್‌ಕೇಸ್ ಬಿಟ್ಟು ಮೆತ್ತನೆಯ ಚೀಲಗಳಲ್ಲಿ ಅರ್ಧ ಸಾಮಾನು ಒಯ್ಯಿರಿ. ಹತ್ತು ವರ್ಷದೊಳಗಿನ ಮಕ್ಕಳು ಹಿಂದಿನ ಸೀಟಿನಲ್ಲಿ, ಅವರ ಎತ್ತರ ತೂಕಕ್ಕೆ ತಕ್ಕ ಮಕ್ಕಳ ಸೀಟಿನಲ್ಲಿ ಕೂರಬೇಕೆಂಬುದು ನಿಯಮ. ಬಾಡಿಗೆ ಕಂಪನಿಗಳು ಸೀಟಿಗೆ ದಿನದ ಲೆಕ್ಕದಲ್ಲಿ ಹಣ ಹಾಕುತ್ತವೆ. ಯೂರೋಪಿನ ಆರ್44 ಅಥವಾ ಆರ್129 ಮುದ್ರೆ ಇರುವ ಸೀಟು ನಿಮ್ಮಲ್ಲಿದ್ದರೆ ಜೊತೆಗೆ ತನ್ನಿ.

ಕಾರು ಪಡೆದಾಗಲೇ ಸುತ್ತಲೂ, ಚಕ್ರದ ಅಂಚುಗಳನ್ನೂ ಬಿಡದೆ, ಮೊಬೈಲಿನಲ್ಲಿ ವಿಡಿಯೊ ಮಾಡಿ. ಇದಕ್ಕೆ ಸಂಕೋಚ ಬೇಡ, ಕೌಂಟರಿನವರು ದಿನಾ ನೋಡುವ ದೃಶ್ಯ ಅದು.

ನಾಲ್ಕನೇ ಹೆಜ್ಜೆ: ದಾರಿ

ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸ್ಟೀರಿಂಗ್ ಹಿಡಿಯುವುದಿಲ್ಲ ಎಂದು ಮೊದಲೇ ಮನೆಯಲ್ಲಿ ಒಪ್ಪಂದವಾಗಲಿ. ಎರಡು ಗಂಟೆಗೊಮ್ಮೆ ನಿಲ್ಲಬೇಕೆಂದು ಹೆದ್ದಾರಿಯ ಫಲಕಗಳೇ ಹೇಳುತ್ತವೆ. ಮಕ್ಕಳೂ ಹಿರಿಯರೂ ಇದ್ದರೆ ಪ್ರತಿ ನಿಲುಗಡೆ ಮುಕ್ಕಾಲು ಗಂಟೆ ನುಂಗುತ್ತದೆ. ನಾಲ್ಕು ಗಂಟೆಯ ಓಟ ಹೀಗೆ ಐದು ಗಂಟೆಯ ಹತ್ತಿರವಾಗುತ್ತದೆ. ಒಂದೇ ರಾತ್ರಿಯ ತಂಗುವಿಕೆಗಳನ್ನು ಎರಡಕ್ಕಿಂತ ಹೆಚ್ಚು ಸಾಲಾಗಿ ಜೋಡಿಸಬೇಡಿ. ದಿನವೂ ಗಂಟುಮೂಟೆ ಕಟ್ಟುವ ಮನೆಯಲ್ಲಿ ಮೂರನೇ ದಿನ ಜಗಳ ಗ್ಯಾರಂಟಿ.

ಈಗ ಒಂದು ನಿಜವಾದ ಸುತ್ತನ್ನು ಹಾಕಿ ನೋಡೋಣ. ಬ್ರಿಟನ್ನಿನಿಂದ ಹೊರಟ ಕುಟುಂಬ, ಜುಲೈ ತಿಂಗಳು, ದಕ್ಷಿಣದಲ್ಲಿ ಒಂದು ವಾರ ಬಾಡಿಗೆ ಮನೆ.

ಮಂಗಳವಾರ ಬೆಳಿಗ್ಗೆ ಫೋಕ್‌ಸ್ಟನ್‌ನಿಂದ ಸುರಂಗ ರೈಲಿನಲ್ಲಿ 35 ನಿಮಿಷ, ಅಥವಾ ಡೋವರ್‌ನಿಂದ ಹಡಗಿನಲ್ಲಿ ಒಂದೂವರೆ ಗಂಟೆ. ಫ್ರಾನ್ಸಿನ ಗಡಿ ತಪಾಸಣೆ ಬ್ರಿಟನ್ನಿನ ನೆಲದಲ್ಲೇ ನಡೆಯುತ್ತದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ವಿವರಗಳನ್ನು ಯಂತ್ರದಲ್ಲಿ ದಾಖಲಿಸುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್‌ನಿಂದ ಜಾರಿಗೆ ಬಂದಿರುವುದರಿಂದ ಕೈಯಲ್ಲಿ ಹೆಚ್ಚು ಸಮಯ ಇಟ್ಟುಕೊಳ್ಳಿ. ಕ್ಯಾಲೆಯಿಂದ ಎ26 ಹೆದ್ದಾರಿ ಹಿಡಿದರೆ ಒಂದು ಗಂಟೆಯಲ್ಲಿ ಬೆತ್ಯೂನ್ ಪಟ್ಟಣ; ಅಲ್ಲಿಂದ ಸ್ವಲ್ಪ ಒಳಗೆ ನವ್ ಶಾಪೆಲ್ ಎಂಬ ಹಳ್ಳಿ. ಮೊದಲ ಮಹಾಯುದ್ಧದಲ್ಲಿ ಇಲ್ಲಿ ಕಾದಿದವರಲ್ಲಿ ಭಾರತೀಯ ಪಡೆಯ ಸೈನಿಕರು ದೊಡ್ಡ ಸಂಖ್ಯೆಯಲ್ಲಿದ್ದರು. ಸಮಾಧಿಯೂ ಸಿಗದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದ ವೃತ್ತಾಕಾರದ ಸ್ಮಾರಕ ಅಲ್ಲಿದೆ. ಹರ್ಬರ್ಟ್ ಬೇಕರ್ ವಿನ್ಯಾಸಗೊಳಿಸಿದ ಇದು 1927ರಲ್ಲಿ ತೆರೆಯಿತು; ನಡುವಿನ ಕಂಬ ಅಶೋಕನ ಸ್ತಂಭಗಳನ್ನು ನೆನಪಿಸುತ್ತದೆ. ದಕ್ಷಿಣದ ಬಿಸಿಲಿಗೆ ಓಡುವ ಕಾರುಗಳಲ್ಲಿ ಇಲ್ಲಿ ತಿರುಗುವವು ಕಡಿಮೆ. ಭಾರತೀಯ ಕುಟುಂಬ ತಿರುಗಬೇಕು. ರಾತ್ರಿ ರೀಮ್ಸ್‌ನಲ್ಲಿ, ಸಂಜೆಗೆ ಫ್ರಾನ್ಸಿನ ರಾಜರ ಪಟ್ಟಾಭಿಷೇಕ ನಡೆಯುತ್ತಿದ್ದ ಕೆಥೆಡ್ರಲ್.

ಬುಧವಾರ ರೀಮ್ಸ್‌ನಿಂದ ಬೋನ್, ಸುಮಾರು 330 ಕಿಲೋಮೀಟರ್. 1443ರಲ್ಲಿ ಸ್ಥಾಪನೆಯಾದ ಬಡವರ ಆಸ್ಪತ್ರೆಯ ಬಣ್ಣದ ಹೆಂಚಿನ ಚಾವಣಿ ಮಕ್ಕಳಿಗೂ ಹಿಡಿಸುತ್ತದೆ. ಗುರುವಾರ ಸುತ್ತಿನ ಅತಿ ಉದ್ದದ ಓಟಗಳಲ್ಲೊಂದು: ಲಿಯೋನ್ ದಾಟಿ ಎ7 ಹೆದ್ದಾರಿಯಲ್ಲಿ ರೋನ್ ನದಿಯ ಗುಂಟ ಒರಾಂಜ್‌ಗೆ, ಸುಮಾರು 360 ಕಿಲೋಮೀಟರ್. ಜುಲೈ ಶನಿವಾರ ಇದೇ ಎ7 ದೇಶದಲ್ಲೇ ಅತಿ ಹೆಚ್ಚು ಬೆವರಿಳಿಸುವ ರಸ್ತೆ, ಗುರುವಾರ ಬರೀ ರಸ್ತೆ. ಆವಿನ್ಯಾನ್‌ನಲ್ಲಿ ಜುಲೈ ತಿಂಗಳ ಹೆಚ್ಚಿನ ದಿನ ರಂಗೋತ್ಸವದ ಗದ್ದಲ, ಕೋಣೆಗಳ ದರ ಆಕಾಶಕ್ಕೆ. ಆದ್ದರಿಂದ ಒರಾಂಜ್‌ನಲ್ಲಿ ಎರಡು ರಾತ್ರಿ ಉಳಿದು ಶುಕ್ರವಾರ ಅಲ್ಲಿನ ರೋಮನ್ ರಂಗಮಂದಿರ ನೋಡಿ, ಆವಿನ್ಯಾನ್‌ಗೆ ಅರ್ಧ ದಿನ ಹೋಗಿ ಬನ್ನಿ.

ಈ ಜೋಡಣೆಯ ಉದ್ದೇಶ ಶನಿವಾರ. ಬಾಡಿಗೆ ಮನೆ ನಿಮ್ಮ ಕೈಗೆ ಸಿಗುವುದು ಶನಿವಾರ ಸಂಜೆ ನಾಲ್ಕಕ್ಕೆ. ದೇಶವೆಲ್ಲ ಹೆದ್ದಾರಿಯಲ್ಲಿ ನಿಂತಿರುವಾಗ ನೀವು ಒಳರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಓಡಿಸಿ ಉಜೆಸ್ ಪಟ್ಟಣದ ಶನಿವಾರದ ಸಂತೆಗೆ ಬೆಳಿಗ್ಗೆಯೇ ತಲುಪಿ, ವಾರಕ್ಕೆ ಬೇಕಾದ ತರಕಾರಿ, ಹಣ್ಣು ಕೊಂಡು, ಮರದ ನೆರಳಿನಲ್ಲಿ ಕುಳಿತು ಮನೆಯ ಕೀಲಿಗಾಗಿ ಕಾಯುತ್ತೀರಿ. ಆ ವಾರವಿಡೀ ಕಾರಿಗೆ ಕೆಲಸ ಕಡಿಮೆ. ಮೂರು ಅಂತಸ್ತಿನ ರೋಮನ್ ಮೇಲ್ಗಾಲುವೆ ಪೋಂ ದ್ಯು ಗಾರ್ ಅಲ್ಲಿಂದ ಹದಿನೈದು ಕಿಲೋಮೀಟರಿನೊಳಗಿದೆ. ಸುಮಾರು 49 ಮೀಟರ್ ಎತ್ತರದ ಆ ಕಮಾನುಗಳ ಕೆಳಗಿನ ನದಿಯಲ್ಲಿ ಮಕ್ಕಳು ಈಜಬಹುದು.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕು. ಮತ್ತೆ ಅದೇ ಉಪಾಯ: 25 ಕಿಲೋಮೀಟರ್ ದೂರದ ನೀಮ್‌ಗೆ ಹೋಗಿ ನಿಲ್ಲಿ. ರೋಮನ್ ಅಖಾಡ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಸೋಂ ಕಾರೆ ದೇಗುಲ, ರಾತ್ರಿ ಅಲ್ಲೇ. ಭಾನುವಾರ ಬೆಳಿಗ್ಗೆ ಲಾರಿಗಳಿಲ್ಲದ ರಸ್ತೆಯಲ್ಲಿ ಮೋಂಪೆಲಿಯೆ ಮೂಲಕ ಎ75 ಹಿಡಿದು ಮಿಯೋ. ಉತ್ತರಕ್ಕೆ ಹಿಂದಿರುಗಲು ಎಲ್ಲರೂ ನುಗ್ಗುವ ಎ7ಕ್ಕಿಂತ ಈ ಎ75 ಎಷ್ಟೋ ಚೆಂದ, ಮೇಲಾಗಿ ಸೇತುವೆಯೊಂದನ್ನು ಬಿಟ್ಟರೆ ಬಹುತೇಕ ಉಚಿತ. ಆ ಸೇತುವೆಯೇ 2004ರ ಡಿಸೆಂಬರ್‌ನಲ್ಲಿ ತೆರೆದ ಮಿಯೋ ಮೇಲ್ಸೇತುವೆ: ಎಂಜಿನಿಯರ್ ಮಿಶೆಲ್ ವಿರ್ಲೋಜೊ, ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್, ಉದ್ದ 2,460 ಮೀಟರ್, ಕಂಬದ ತುದಿಯವರೆಗೆ ಎತ್ತರ 343 ಮೀಟರ್. ಮೇಲಿಂದ ಹಾಯುವುದು ಎರಡು ನಿಮಿಷದ ಕೆಲಸ. ಕೆಳಗಿನ ಊರಿನಲ್ಲಿ ರಾತ್ರಿ ಉಳಿದು ತಲೆಯೆತ್ತಿ ನೋಡಿದಾಗಲೇ ಅದರ ಗಾತ್ರ ತಿಳಿಯುವುದು.

ಸೋಮವಾರ ಪ್ರಸ್ಥಭೂಮಿಯ ಮೇಲೆ, ಸಾವಿರ ಮೀಟರ್ ಎತ್ತರದ ತಂಪಿನಲ್ಲಿ ಉತ್ತರಕ್ಕೆ. ದಾರಿಯಲ್ಲಿ ಐಫೆಲ್ ಗೋಪುರಕ್ಕಿಂತ ಮೊದಲೇ ಐಫೆಲ್ಲನ ಕಂಪನಿ ಕಟ್ಟಿದ ಗರಾಬಿ ರೈಲ್ವೆ ಸೇತುವೆ ಹೆದ್ದಾರಿಯ ವಿಶ್ರಾಂತಿ ತಾಣದಿಂದಲೇ ಕಾಣುತ್ತದೆ. ಕ್ಲೆರ್ಮಾಂಟ್-ಫೆರಾಂಡ್‌ನಲ್ಲಿ ಎರಡು ರಾತ್ರಿ. ಮಂಗಳವಾರ 1,465 ಮೀಟರಿನ ಪ್ಯೂಯಿ ದ ದೋಮ್ ಜ್ವಾಲಾಮುಖಿ ಬೆಟ್ಟ. ಶಿಖರಕ್ಕೆ ಹಲ್ಲುಹಳಿಯ ರೈಲು ಇರುವುದರಿಂದ ಅಜ್ಜಿಯೂ ಬರಬಹುದು. ಬುಧವಾರ 280 ಕಿಲೋಮೀಟರ್ ಓಡಿಸಿ ಲ್ವಾರ್ ನದಿಯ ಬ್ಲುವಾ, ಗುರುವಾರ ಶಾಂಬೋರ್ ಅರಮನೆ, ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ಶಾರ್ತ್ರ್, ರೂಆನ್ ಮಾರ್ಗವಾಗಿ ಕ್ಯಾಲೆ. ಈ ಕೊನೆಯ ದಿನ ಮಾತ್ರ 450 ಕಿಲೋಮೀಟರ್ ದಾಟುತ್ತದೆ, ನಾಲ್ಕು ಗಂಟೆಯ ಒಪ್ಪಂದವೂ ಮುರಿಯುತ್ತದೆ. ಸಾಧ್ಯವಾದರೆ ರೂಆನ್‌ನಲ್ಲಿ ಒಂದು ರಾತ್ರಿ ಸೇರಿಸಿ.

ಆವಿನ್ಯಾನ್‌ನಲ್ಲಿ ಕಾರು ಹಿಡಿಯುವವರು ಈ ಸುತ್ತಿನ ನಡುವಿನಿಂದ ಶುರುಮಾಡಿ, ಕ್ಲೆರ್ಮಾಂಟ್-ಫೆರಾಂಡ್ ಕಂಡು, ಲಿಯೋನ್ ಮೂಲಕ ಮರಳಿ ಅಲ್ಲೇ ಕಾರು ಒಪ್ಪಿಸಬಹುದು. ಬೇರೆ ಊರಿನಲ್ಲಿ ಒಪ್ಪಿಸಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಬುಕಿಂಗ್ ಮಾಡುವಾಗಲೇ ಎರಡೂ ದರ ಹೋಲಿಸಿ.

ಐದನೇ ಹೆಜ್ಜೆ: ಟೋಲ್, ಇಂಧನ, ಖರ್ಚು

ಹೆಚ್ಚಿನ ಹೆದ್ದಾರಿಗಳಲ್ಲಿ ಒಳಹೋಗುವಾಗ ಚೀಟಿ, ಹೊರಬರುವಾಗ ಹಣ. ಚೀಟಿ ಕಳೆದರೆ ಆ ದಾರಿಯ ಅತಿ ದೂರದ ದರ ಕೊಡಬೇಕು, ಆದ್ದರಿಂದ ಅದಕ್ಕೊಂದು ಜಾಗ ಗೊತ್ತುಮಾಡಿ. ಹಸಿರು ಬಾಣದ ಅಥವಾ ಕಾರ್ಡಿನ ಚಿತ್ರವಿರುವ ಸಾಲು ನಿಮ್ಮದು. ಕಿತ್ತಳೆ ಬಣ್ಣದ ‘ಟಿ’ ಅಕ್ಷರ ಮಾತ್ರ ಇರುವ ಸಾಲು ನಮ್ಮ ಫಾಸ್ಟ್ಯಾಗ್‌ನಂಥ ಉಪಕರಣ ಇರುವವರದು. ಬಲ ಸ್ಟೀರಿಂಗಿನ ಬ್ರಿಟಿಷ್ ಕಾರಿನವರಿಗೆ ಆ ಉಪಕರಣ ವರದಾನ: ಯಂತ್ರ ಕಾರಿನ ಎಡಕ್ಕಿರುವುದರಿಂದ ಅದಿಲ್ಲದಿದ್ದರೆ ಪ್ರತಿ ಬಾರಿಯೂ ಪಕ್ಕದಲ್ಲಿ ಕುಳಿತವರೇ ಕೈ ಚಾಚಬೇಕು. ಇನ್ನು ಪ್ಯಾರಿಸ್‌ನಿಂದ ನಾರ್ಮಂಡಿಗೆ ಹೋಗುವ ಎ13 ಮತ್ತು ಎ14ರಲ್ಲಿ 2024ರಿಂದ ಟೋಲ್ ಗೇಟೇ ಇಲ್ಲ. ಕ್ಯಾಮೆರಾ ನಂಬರ್ ಫಲಕ ಓದುತ್ತದೆ, ನೀವು 72 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಗೇಟು ಕಾಣಲಿಲ್ಲವೆಂದು ಉಚಿತ ಎಂದುಕೊಂಡವರಿಗೆ ದಂಡದ ಪತ್ರ ಬರುತ್ತದೆ. ನಮ್ಮ ಸುತ್ತಿನ ಕೊನೆಯ ದಿನ ರೂಆನ್ ಸಮೀಪ ಈ ಎ13 ಎದುರಾಗಬಹುದು.

ಹೆದ್ದಾರಿಯ ಬಂಕುಗಳಲ್ಲಿ ಇಂಧನ ದುಬಾರಿ. ಊರ ಅಂಚಿನ ಸೂಪರ್‌ಮಾರ್ಕೆಟ್‌ಗಳ ಬಂಕಿನಲ್ಲಿ ಅಗ್ಗ. ದೇಶದ ಎಲ್ಲ ಬಂಕುಗಳ ದರವನ್ನು ತೋರಿಸುವ ಸರ್ಕಾರಿ ಜಾಲತಾಣವೂ ಇದೆ. ಪೆಟ್ರೋಲಿಗೆ ವೃತ್ತದೊಳಗೆ ಇ5 ಅಥವಾ ಇ10, ಡೀಸೆಲ್‌ಗೆ ಚೌಕದೊಳಗೆ ಬಿ7 ಎಂಬ ಗುರುತು ಪಂಪಿನ ಮೇಲೂ ಟ್ಯಾಂಕಿನ ಮುಚ್ಚಳದ ಮೇಲೂ ಇರುತ್ತದೆ. ಎರಡೂ ಹೊಂದುತ್ತವೆಯೇ ಎಂದು ನೋಡಿಯೇ ಹಾಕಿ.

ಸ್ಥಳೀಯ ಓಡಾಟ ಸೇರಿ ಮೇಲಿನ ಸುತ್ತು ಸುಮಾರು 2,600 ಕಿಲೋಮೀಟರ್. ನೂರು ಕಿಲೋಮೀಟರಿಗೆ ಆರೂವರೆ ಲೀಟರ್ ಕುಡಿಯುವ ಕಾರಿಗೆ 170 ಲೀಟರ್, ಲೀಟರಿಗೆ 1.75 ಯೂರೋ ಹಿಡಿದರೆ 300 ಯೂರೋ. ಟೋಲ್‌ಗೆ ಇನ್ನೊಂದು 150ರಿಂದ 180 ಎತ್ತಿಡಿ.

ಆರನೇ ಹೆಜ್ಜೆ: ಸ್ಟೀರಿಂಗ್ ಹಿಡಿಯುವ ಮುನ್ನ

ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ನಡುವೆ ವಿಭಜಕವಿಲ್ಲದ ಹೊರವಲಯದ ರಸ್ತೆಗಳಲ್ಲಿ ಸಾಮಾನ್ಯವಾಗಿ 80, ಕೆಲವು ಜಿಲ್ಲೆಗಳಲ್ಲಿ 90. ಊರೊಳಗೆ 50, ಪ್ಯಾರಿಸ್‌ನ ಬಹುತೇಕ ಬೀದಿಗಳಲ್ಲಿ 30. ಊರಿನ ಹೆಸರಿನ ಫಲಕವೇ 50ರ ಆರಂಭ. ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಫಲಕ ಅದರ ಕೊನೆ. ಬೇರೆ ಸೂಚನೆ ಇರಲೇಬೇಕೆಂದಿಲ್ಲ.

ನಮ್ಮವರನ್ನು ಬೆಚ್ಚಿಬೀಳಿಸುವ ನಿಯಮ ಬಲಗಡೆಯ ಆದ್ಯತೆ. ಯಾವ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಓಣಿಯಿಂದ ಬರುವ ಕಾರಿಗೂ ನೀವು ದಾರಿ ಬಿಡಬೇಕು. ಹಳ್ಳಿಯ ಮುದುಕರೊಬ್ಬರು ತಲೆ ತಿರುಗಿಸದೆ ನಿಮ್ಮ ಮುಂದೆ ಕಾರು ತಂದು ನಿಲ್ಲಿಸಿದರೆ ತಪ್ಪು ಅವರದಲ್ಲ. ಹಳದಿ ವಜ್ರಾಕೃತಿಯ ಫಲಕ ಕಂಡರೆ ಆದ್ಯತೆ ನಿಮ್ಮ ರಸ್ತೆಗಿದೆ. ಅದರ ಮೇಲೆ ಕಪ್ಪು ಗೆರೆ ಬಿದ್ದರೆ ಆದ್ಯತೆ ಮುಗಿಯಿತು. ವೃತ್ತಗಳಲ್ಲಿ ಮಾತ್ರ, ಸಾಮಾನ್ಯವಾಗಿ, ಒಳಗೆ ಸುತ್ತುತ್ತಿರುವವರಿಗೆ, ಅಂದರೆ ನಿಮ್ಮ ಎಡದಿಂದ ಬರುವವರಿಗೆ ಮೊದಲ ಹಕ್ಕು.

ಎಡಬದಿಯ ಅಭ್ಯಾಸ ಮರುಕಳಿಸುವುದು ಸಂಚಾರ ದಟ್ಟಣೆಯಲ್ಲಿ ಅಲ್ಲ. ಖಾಲಿ ರಸ್ತೆಯಲ್ಲಿ, ಬಂಕಿನಿಂದ ಹೊರಬರುವಾಗ, ಬೆಳಿಗ್ಗೆ ಅಂಗಳದಿಂದ ಕಾರು ತೆಗೆಯುವಾಗ. ಆ ಕ್ಷಣಗಳಲ್ಲಿ ಪಕ್ಕದಲ್ಲಿರುವವರು ‘ಬಲಕ್ಕೆ’ ಎಂದು ಗಟ್ಟಿಯಾಗಿ ಹೇಳುವ ರೂಢಿ ಮಾಡಿಕೊಳ್ಳಲಿ. ಅವಮಾನವೆಂದುಕೊಳ್ಳುವ ಚಾಲಕ ಹಿಂದಿನ ಸೀಟಿಗೆ ಹೋಗಲಿ.

ಮೊಬೈಲ್ ಕೈಯಲ್ಲಿ ಹಿಡಿದರೆ 135 ಯೂರೋ ದಂಡ. ಕಿವಿಯೊಳಗೆ ಇಯರ್‌ಫೋನ್ ಹಾಕಿಕೊಂಡರೂ ಅಷ್ಟೇ. ವೇಗದ ಕ್ಯಾಮೆರಾಗಳನ್ನು ಪತ್ತೆಹಚ್ಚುವ ಉಪಕರಣ ಕಾನೂನುಬಾಹಿರ. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಹೊಸ ಚಾಲಕರಿಗೆ 0.2. ನಗರಗಳ ಹಳೆಯ ಭಾಗಕ್ಕೆ ಕಾರು ಒಯ್ಯುವ ಗೋಜಿಗೇ ಹೋಗಬೇಡಿ. ಓಣಿಗಳು ಕಿರಿದು, ನೆಲಮಾಳಿಗೆಯ ಪಾರ್ಕಿಂಗ್‌ಗಳಿಗೆ ಎತ್ತರದ ಮಿತಿ ಇರುತ್ತದೆ, ವ್ಯಾನ್ ಅಥವಾ ಚಾವಣಿಯ ಮೇಲೆ ಪೆಟ್ಟಿಗೆ ಇದ್ದರೆ ಒಳಹೋಗುವುದಿಲ್ಲ.

ಏಳನೇ ಹೆಜ್ಜೆ: ಊಟ

ಸಸ್ಯಾಹಾರಿ ಕುಟುಂಬದ ಪ್ರವಾಸ ನಿಂತಿರುವುದೇ ಅಡುಗೆಮನೆಯಿರುವ ವಸತಿಯ ಮೇಲೆ. ಆದರೆ ಊರಿನಿಂದ ಏನು ತರಬಹುದು ಎಂಬುದಕ್ಕೆ ಗಡಿಯಲ್ಲಿ ನಿಯಮವಿದೆ. ಯೂರೋಪಿನ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ತರುವಂತಿಲ್ಲ. ಬೆಂಗಳೂರಿನಿಂದ ಬಂದರೂ ಲಂಡನ್ನಿನಿಂದ ಬಂದರೂ ತುಪ್ಪ, ಮೊಸರು, ಪನೀರ್ ಬಿಟ್ಟೇ ಬರಬೇಕು. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಕರಿಬೇವೂ ಒಳಗೆ ಬರುವುದಿಲ್ಲ. ವಿನಾಯಿತಿ ಇರುವ ಕೆಲವೇ ಹಣ್ಣುಗಳಲ್ಲಿ ಬಾಳೆಹಣ್ಣು ಮತ್ತು ತೆಂಗಿನಕಾಯಿ ಸೇರಿವೆ ಎಂಬುದು ನಮ್ಮ ಪುಣ್ಯ. ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಹುರಿದ ರವೆ ಧಾರಾಳವಾಗಿ ತನ್ನಿ. ಬೆಣ್ಣೆ ಅಲ್ಲಿಯದೇ ಅತ್ಯುತ್ತಮ. ಗೀತ್ ಎಂದು ಕರೆಯುವ ಬಾಡಿಗೆ ಮನೆಯ ಒಲೆಯ ಮೇಲೆ ಕಾಯಿಸಿದರೆ ತುಪ್ಪ ಸಿದ್ಧ. ದಾರಿಯ ಮಧ್ಯಾಹ್ನಕ್ಕೆ ಗೊಜ್ಜವಲಕ್ಕಿಯನ್ನು ಮೀರಿಸುವುದು ಯಾವುದೂ ಇಲ್ಲ: ಒಲೆ ಬೇಡ, ಕೆಡುವ ಭಯವಿಲ್ಲ.

ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಎರಡು ಬಗೆ. ಒಂದರಲ್ಲಿ ಮರ, ಮೇಜು, ಶೌಚಾಲಯ ಮಾತ್ರ. ಇನ್ನೊಂದರಲ್ಲಿ ಬಂಕು, ಅಂಗಡಿ, ಹೋಟೆಲ್. ಊಟಕ್ಕೆ ಮೊದಲನೆಯದೇ ಚೆಂದ. ಶೌಚಾಲಯ ಕೆಲವು ಕಡೆ ಕುಕ್ಕರುಗಾಲಿನಲ್ಲಿ ಕೂರುವಂಥದ್ದು. ನಮ್ಮ ಹಿರಿಯರಿಗೆ ಅದರಿಂದ ಸಮಾಧಾನ, ಮಕ್ಕಳಿಗೆ ಆಶ್ಚರ್ಯ. ಒಂದು ಬಾಟಲಿ ನೀರು ಕೈಯಲ್ಲಿರಲಿ.

ಹೋಟೆಲಿನ ಊಟಕ್ಕೆ ಗಡಿಯಾರ ನೋಡಲೇಬೇಕು. ಮಧ್ಯಾಹ್ನ ಹನ್ನೆರಡರಿಂದ ಎರಡು, ರಾತ್ರಿ ಏಳು ಏಳೂವರೆಯ ಮೇಲೆ. ಎರಡೂಕಾಲಿಗೆ ಹಳ್ಳಿಯ ಹೋಟೆಲಿನ ಬಾಗಿಲು ತಟ್ಟಿದರೆ ಒಳಗೆ ಮೇಜು ಒರೆಸುತ್ತಿರುತ್ತಾರೆ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತುಂಬಿಸಿಕೊಳ್ಳಿ. ‘ಸಾನ್ ವ್ಯಾಂದ್, ಸಾನ್ ಪುವಾಸೋಂ’ ಎಂದರೆ ಮಾಂಸ, ಮೀನು ಬೇಡ. ಅಷ್ಟು ಹೇಳಿದರೂ ಸಲಾಡಿನಲ್ಲಿ ‘ಲಾರ್ದೋಂ’ ಎಂಬ ಹಂದಿಮಾಂಸದ ಸಣ್ಣ ತುಣುಕುಗಳಿವೆಯೇ ಎಂದು ಬೇರೆಯಾಗಿ ಕೇಳಿ. ಪ್ರೊವಾನ್ಸ್‌ನಲ್ಲಿ ತರಕಾರಿಗಳನ್ನು ಬೇಯಿಸಿ ಮಾಡುವ ರಾತಾತೂಯಿ, ಎ75 ದಾರಿಯ ಓಬ್ರಾಕ್ ಪ್ರದೇಶದಲ್ಲಿ ಆಲೂಗಡ್ಡೆ ಮತ್ತು ಚೀಸ್ ಕಲಸಿದ ಅಲಿಗೋ ಹೊಟ್ಟೆ ತುಂಬಿಸುತ್ತವೆ. ಕಟ್ಟುನಿಟ್ಟಿನವರು ಒಂದು ಮಾತು ತಿಳಿದಿರಿ: ಸಾಂಪ್ರದಾಯಿಕ ಫ್ರೆಂಚ್ ಚೀಸ್‌ಗಳಲ್ಲಿ ಬಹಳಷ್ಟನ್ನು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಮಿಯೋ ಪಕ್ಕದ ಪ್ರಸಿದ್ಧ ರೊಕ್‌ಫೋರ್ ಕೂಡ ಅಂಥದ್ದೇ.

ಎಂಟನೇ ಹೆಜ್ಜೆ: ಬಿಸಿಲು, ಕಳ್ಳರು, ಕೆಟ್ಟು ನಿಂತ ಕಾರು

ದಕ್ಷಿಣದಲ್ಲಿ ಜುಲೈ, ಆಗಸ್ಟ್ ತಿಂಗಳ ಬಿಸಿಗಾಳಿ ನಲವತ್ತು ಡಿಗ್ರಿ ಮುಟ್ಟಬಹುದು, ಹಳೆಯ ಮನೆಗಳಲ್ಲಿ ಎಸಿ ಇರುವುದಿಲ್ಲ. ಬುಕ್ ಮಾಡುವಾಗಲೇ ಕೇಳಿ. ಕಾಳ್ಗಿಚ್ಚಿನ ಅಪಾಯವಿರುವ ದಿನಗಳಲ್ಲಿ ಕಾಡುಗುಡ್ಡಗಳ ದಾರಿ ಮುಚ್ಚುತ್ತಾರೆ, ಹಿಂದಿನ ಸಂಜೆಯೇ ಸೂಚನೆ ನೋಡಿ.

ಕಾರಿನಲ್ಲಿ ಕಣ್ಣಿಗೆ ಬೀಳುವಂತೆ ಏನನ್ನೂ ಬಿಡಬೇಡಿ. ವಿಶ್ರಾಂತಿ ತಾಣದಲ್ಲಿ ಎಲ್ಲರೂ ಒಟ್ಟಿಗೆ ಇಳಿಯದೆ ಒಬ್ಬರು ಕಾರಿನ ಬಳಿ ಇರಲಿ, ಪಾಸ್‌ಪೋರ್ಟ್‌ಗಳು ಮೈಮೇಲಿರಲಿ.

ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಬಲಬದಿಗೆ ನಿಲ್ಲಿಸಿ, ಜಾಕೆಟ್ ತೊಟ್ಟು, ಎಲ್ಲರೂ ಬಲಗಡೆಯ ಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಸುಮಾರು ಎರಡು ಕಿಲೋಮೀಟರಿಗೊಂದು ಕಿತ್ತಳೆ ಬಣ್ಣದ ತುರ್ತು ದೂರವಾಣಿ ಇದೆ, ಇಲ್ಲದಿದ್ದರೆ 112. ಹೆದ್ದಾರಿಯಿಂದ ಕಾರು ಎಳೆಯುವ ಹಕ್ಕು ಅಲ್ಲಿಗೆ ನೇಮಕವಾದ ವಾಹನಗಳಿಗೆ ಮಾತ್ರ, ದರವನ್ನು ಸರ್ಕಾರ ನಿಗದಿ ಮಾಡಿದೆ. ನಿಮ್ಮ ವಿಮಾ ಕಂಪನಿಗೆ ಫೋನ್ ಮಾಡುವುದು ಆಮೇಲೆ. ಡಿಕ್ಕಿಯಾದರೆ ಎರಡೂ ಕಡೆಯವರು ಒಂದೇ ನಮೂನೆಯನ್ನು ತುಂಬಿ ಸಹಿ ಹಾಕುವ ಪದ್ಧತಿಯಿದೆ. ಅರ್ಥವಾಗದ ಭಾಷೆಯ ನಮೂನೆಗೆ ಸಹಿ ಹಾಕಬೇಡಿ, ಫೋಟೋ ತೆಗೆದು ವಿಮೆಯವರಿಗೆ ಕಳುಹಿಸಿ.

ಬಾಡಿಗೆ ಕಾರು ಒಪ್ಪಿಸುವಾಗ ಟ್ಯಾಂಕ್ ತುಂಬಿಸಿದ ರಸೀದಿ, ಇಂಧನದ ಮುಳ್ಳು, ಕಿಲೋಮೀಟರ್ ಅಂಕಿ ಎಲ್ಲದರ ಫೋಟೋ ಇರಲಿ. ವೇಗದ ದಂಡವಿದ್ದರೆ ಅದು ವಾರಗಳ ನಂತರ ಬರುತ್ತದೆ. ವಿವರ ಒದಗಿಸಿದ್ದಕ್ಕೆ ಕಂಪನಿ ಮೊದಲು ತನ್ನ ಶುಲ್ಕ ಕಡಿತ ಮಾಡಿಕೊಳ್ಳುತ್ತದೆ, ದಂಡದ ಪತ್ರ ಪ್ರತ್ಯೇಕವಾಗಿ ಮನೆಗೆ ಬರುತ್ತದೆ. ಬೇಗ ಕಟ್ಟಿದವರಿಗೆ 135 ಯೂರೋ ದಂಡ 90ಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರವಾಸದ ಕಾಗದಗಳನ್ನು ಕೆಲವು ತಿಂಗಳು ಎಸೆಯಬೇಡಿ, ಆ ಕ್ರೆಡಿಟ್ ಕಾರ್ಡಿನ ಲೆಕ್ಕವನ್ನೂ ನೋಡುತ್ತಿರಿ.